ಹರಿಕೇನ್‌ನ ಬಟ್ಟೆ ಮೈಗೆ ಬೆಳ್ಳಿ ಗೀರು ಹಾಕಬಹುದಾ? (1:72 ಮಾದರಿ, ಇಂಫಾಲ್ 1944)

ರೆಕ್ಕೆಪುಕ್ಕ

ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನ ಹಾಕರ್ ಹರಿಕೇನ್ ಮಾರ್ಕ್ 2ಸಿಯ 1:72 ಅಳತೆಯ ಪ್ಲಾಸ್ಟಿಕ್ ಮಾದರಿ ಕಟ್ಟುತ್ತಿದ್ದೇನೆ. 1944ರಲ್ಲಿ ಇಂಫಾಲ್‌ನಿಂದ ಹಾರುತ್ತಿದ್ದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್‌ನ ವಿಮಾನ ಮಾಡುವ ಆಸೆ. ಅರ್ಜನ್ ಸಿಂಗ್ ಮುನ್ನಡೆಸಿದ ದಳ ಅದು. ಕಾಕ್‌ಪಿಟ್ ಸಿದ್ಧವಾಗಿದೆ. ಒಡಲಿನ ಎರಡು ಹೋಳುಗಳನ್ನು ಇನ್ನೂ ಅಂಟಿಸಿಲ್ಲ.

ತಲೆ ಕೆಡಿಸುತ್ತಿರುವುದು ಹಿಂಭಾಗ. ಕಾಕ್‌ಪಿಟ್‌ ಹಿಂದಿನಿಂದ ಬಾಲದವರೆಗೆ ಉದ್ದಕ್ಕೆ ಏಣುಗಳಿವೆ. ಏಣುಗಳ ನಡುವೆ ಪ್ಲಾಸ್ಟಿಕ್ ಚೆನ್ನಾಗಿಯೇ ತಗ್ಗಿದೆ. ನಿಜವಾದ ವಿಮಾನದಲ್ಲೂ ಇದು ಇಷ್ಟು ಎದ್ದು ಕಾಣುತ್ತಿತ್ತಾ?

ಇನ್ನೊಂದು. ಬಣ್ಣ ಕಿತ್ತುಹೋದ ಹಾಗೆ ತೋರಿಸಲು ಬೆಳ್ಳಿ ಬಣ್ಣದ ಚುಕ್ಕಿ, ಗೀರು ಹಾಕುತ್ತಾರಲ್ಲ, ಅದನ್ನು ಎಲ್ಲೆಲ್ಲಿ ಹಾಕಲಿ? ಮಳೆ, ಕೆಸರು, ಯುದ್ಧದ ಗಡಿಬಿಡಿ ಎಲ್ಲ ನೆನೆಸಿಕೊಂಡರೆ ವಿಮಾನ ಸವೆದು ಸುಣ್ಣವಾಗಿರಬೇಕು ಅನ್ನಿಸುತ್ತದೆ. ಚಿಕ್ಕ ಏರ್‌ಬ್ರಷ್ ಇದೆ. ಬಲ್ಲವರು ಹೇಳಿ.

ಹಳೇಬ್ರಷ್

ಹೋಳು ಅಂಟಿಸುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ. ಬಣ್ಣದ ಕೆಳಗೆ ಏನಿದೆ ಅಂತ ಮೊದಲು ತಿಳಿದುಕೊಳ್ಳಿ. ಸವೆತ ಎಲ್ಲಿ, ಹೇಗೆ ಅನ್ನುವುದು ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಹರಿಕೇನ್ ಮೊದಲು ಹಾರಿದ್ದು 1935ರ ನವೆಂಬರ್ 6ರಂದು. ಸಿಡ್ನಿ ಕ್ಯಾಮ್ ಅವರ ವಿನ್ಯಾಸ. ಹಾಕರ್ ಕಂಪನಿಗೆ ಅಲ್ಲಿಯವರೆಗೆ ಎರಡಂತಸ್ತಿನ ರೆಕ್ಕೆಯ ವಿಮಾನ ಕಟ್ಟಿ ಅಭ್ಯಾಸ. ಅದೇ ಕೈ ಇಲ್ಲೂ ಕಾಣುತ್ತದೆ. ಒಳಗೆ ಲೋಹದ ಕೊಳವೆಗಳ ಗೂಡು. ಅದರ ಸುತ್ತ ಮರದ ಚೌಕಟ್ಟು, ಮರದ ಉದ್ದ ಪಟ್ಟಿಗಳು. ಅದರ ಮೇಲೆ ಲಿನನ್ ಬಟ್ಟೆ. ಬಟ್ಟೆಗೆ ಡೋಪ್ ಅನ್ನುವ ವಾರ್ನಿಷ್‌ನಂಥ ದ್ರವ ಬಳಿಯುತ್ತಿದ್ದರು. ಡೋಪ್ ಒಣಗುವಾಗ ಬಟ್ಟೆಯನ್ನು ಎಳೆದು ಬಿಗಿ ಮಾಡುತ್ತದೆ.

ಇದು ಹಿಂಭಾಗದ ಮಾತು. ಎಂಜಿನ್ ಸುತ್ತಲಿನ ಮೂತಿ ಲೋಹದ ಹಾಳೆ. ಕಾಕ್‌ಪಿಟ್‌ ಸುತ್ತಲಿನ ಮೇಲ್ಭಾಗ ಪ್ಲೈವುಡ್. ಮೊದಮೊದಲ ಹರಿಕೇನ್‌ಗಳ ರೆಕ್ಕೆಗೂ ಬಟ್ಟೆಯೇ ಇತ್ತು. 1939ರಿಂದ ಲೋಹದ ರೆಕ್ಕೆ ಬಂತು. ನಿಮ್ಮ 2ಸಿಗೆ ಲೋಹದ್ದೇ. ಆದರೆ ವಿಮಾನವನ್ನು ತಿರುಗಿಸುವ, ಏರಿಸಿ ಇಳಿಸುವ ಅಲುಗಾಡುವ ಭಾಗಗಳಾದ ಏಲರಾನ್, ರಡ್ಡರ್, ಎಲಿವೇಟರ್ ಮೂರಕ್ಕೂ ಬಟ್ಟೆ.

ಈಗ ಏಣಿನ ವಿಚಾರ. ಆ ಬಟ್ಟೆ ತಮಟೆಯ ಚರ್ಮದ ಹಾಗೆ ಬಿಗಿ. ಎರಡು ಪಟ್ಟಿಗಳ ನಡುವೆ ಅದು ಜೋತು ಬೀಳುವುದಿಲ್ಲ, ನೇರವಾಗಿ ನಿಲ್ಲುತ್ತದೆ. ದೂರದಿಂದ ನೋಡಿದರೆ ದುಂಡನೆ ಮೈಯಲ್ಲಿ ಚಪ್ಪಟೆ ಮುಖಗಳು ಸಾಲಾಗಿ ಇದ್ದಂತೆ ಕಾಣುತ್ತದೆ, ಅಷ್ಟೆ. ಕಿಟ್ ಮಾಡುವವರು ‘ಇದು ಬಟ್ಟೆ’ ಅಂತ ಸಾರಿ ಹೇಳಲು ತಗ್ಗನ್ನು ದೊಡ್ಡದು ಮಾಡುತ್ತಾರೆ. ಲೆಕ್ಕ ಹಾಕಿ. ಪ್ಲಾಸ್ಟಿಕ್‌ನಲ್ಲಿ ತಗ್ಗು 0.2 ಮಿಲಿಮೀಟರ್ ಇದ್ದರೆ ನಿಜ ವಿಮಾನದಲ್ಲಿ ಅದು 14 ಮಿಲಿಮೀಟರ್‌ಗಿಂತ ಜಾಸ್ತಿ. ಅಷ್ಟು ಜೋಲಾದ ಬಟ್ಟೆ ಹೊತ್ತ ವಿಮಾನವನ್ನು ಯಾವ ಮೆಕ್ಯಾನಿಕ್ಕೂ ಹಾರಲು ಬಿಡುವುದಿಲ್ಲ.

ಮಾಡಬೇಕಾದ್ದು ಸುಲಭ. 600 ಗ್ರಿಟ್ ಸ್ಯಾಂಡ್‌ಪೇಪರ್ ನೆನೆಸಿ, ಉದ್ದಕ್ಕೆ ಉಜ್ಜಿ. ಅಡ್ಡಕ್ಕೆ ಬೇಡ. ಏಣಿನ ತುದಿ ಮೊಂಡಾಗುತ್ತಾ ಬರುತ್ತದೆ. ಆಮೇಲೆ ಪ್ರೈಮರ್ ತೆಳ್ಳಗೆ ಹೊಡೆದು, 1000 ಗ್ರಿಟ್‌ನಲ್ಲಿ ಇನ್ನೊಮ್ಮೆ. ಪೂರ್ತಿ ನುಣುಪು ಮಾಡಬೇಡಿ. ಓರೆ ಬೆಳಕಿನಲ್ಲಿ ಕಾಣಬೇಕು, ನೇರ ಬೆಳಕಿನಲ್ಲಿ ಕಾಣಬಾರದು. ಅಲ್ಲಿಗೆ ನಿಲ್ಲಿಸಿ.

ಬೆಳ್ಳಿ ಗೀರು ಬಟ್ಟೆ ಮೇಲೆ ಬೇಡವೇ ಬೇಡ. ಅಲ್ಲಿ ಅಲ್ಯೂಮಿನಿಯಂ ಇಲ್ಲ, ಬೆಳ್ಳಿ ಎಲ್ಲಿಂದ ಬರಬೇಕು?

ಗಾಳಿಕುಂಚ

ಹಳೇಬ್ರಷ್ ಅವರೇ, ಸ್ವಲ್ಪ ತಕರಾರಿದೆ.

ಮಾದರಿ ಅಂಗೈಯಷ್ಟು ದೊಡ್ಡದು. ಹರಿಕೇನ್‌ನ ರೆಕ್ಕೆಯ ಹರವು 12.19 ಮೀಟರ್. 1:72ರಲ್ಲಿ ಅದು 169 ಮಿಲಿಮೀಟರ್ ಆಗುತ್ತದೆ. ಇಷ್ಟು ಚಿಕ್ಕದರಲ್ಲಿ ಎಲ್ಲವನ್ನೂ ಅಳತೆಗೆ ಸರಿಯಾಗಿ ಇಳಿಸಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ನಾಟಕದವರು ಮುಖಕ್ಕೆ ಬಣ್ಣ ದಪ್ಪಗೆ ಹಚ್ಚುವುದು ಹಿಂದಿನ ಸಾಲಿನವರಿಗೂ ಕಾಣಲಿ ಅಂತ. ಏಣು, ಪ್ಯಾನೆಲ್ ಗೆರೆ (ಲೋಹದ ಹಾಳೆಗಳು ಕೂಡುವ ಕಡೆಯ ಗೆರೆ), ಗೀರು ಇವನ್ನೆಲ್ಲ ಒಂದಿಷ್ಟು ಹೆಚ್ಚು ಮಾಡದಿದ್ದರೆ ಮಾದರಿ ಆಟಿಕೆ ಥರ ಕಾಣುತ್ತದೆ. ಪ್ಯಾನೆಲ್ ಗೆರೆಗಳನ್ನೇ ನೋಡಿ. ಯಾವ ಕಿಟ್‌ನಲ್ಲೂ ಅವು ಅಳತೆಗೆ ಸರಿ ಇಲ್ಲ. ಅವನ್ನು ಒಪ್ಪಿಕೊಂಡವರಿಗೆ ಏಣು ಯಾಕೆ ಚುಚ್ಚಬೇಕು?

ನಾನು ಪ್ರೈಮರ್ ಮೇಲೆ ಗೆರೆಗಳುದ್ದಕ್ಕೂ ಕಪ್ಪು ಹೊಡೆದು, ಅದರ ಮೇಲೆ ಬಣ್ಣ ತೆಳ್ಳಗೆ ಹೊಡೆಯುತ್ತೇನೆ, ಪ್ರೀಶೇಡಿಂಗ್ ಅನ್ನುತ್ತಾರಲ್ಲ, ಅದು. ಮೈಗೆ ಆಳ ಬರುತ್ತದೆ. ನೋಡಿದವರೂ ಮೆಚ್ಚುತ್ತಾರೆ.

ಹಳೇಬ್ರಷ್

ಹೆಚ್ಚು ಮಾಡುವುದಕ್ಕೆ ನನ್ನ ವಿರೋಧ ಇಲ್ಲ. ಇಲ್ಲದ್ದನ್ನು ಮಾಡುವುದಕ್ಕೆ ವಿರೋಧ. ಲೋಹದ ಮೇಲೆ ಗೀರು ಎರಡರ ಜಾಗದಲ್ಲಿ ನಾಲ್ಕು ಹಾಕಿ, ಅದು ರುಚಿಯ ಪ್ರಶ್ನೆ. ಬಟ್ಟೆಯ ಮೇಲೆ ಒಂದೇ ಒಂದು ಹಾಕಿದರೂ ಅದು ಬೇರೆ ವಿಮಾನವಾಗುತ್ತದೆ. ಕಪ್ಪು ಗೆರೆಯದೂ ಅದೇ ಕಥೆ. ಬಟ್ಟೆ ಮೈಯಲ್ಲಿ ಪ್ಯಾನೆಲ್ ಜೋಡಣೆಯೇ ಇಲ್ಲ, ಅಲ್ಲಿ ಕಪ್ಪು ಚೌಕಗಳು ಮೂಡಿದರೆ ಏನಂತ ಓದಬೇಕು?

ಸ್ಪಿಟ್‌ಫೈರ್ ಮಾಡಿ, ಇಡೀ ಒಡಲಿಗೆ ಗೀರು ಹಾಕಿ. ಅದರ ಒಡಲು ಲೋಹದ ಹಾಳೆಯದು. ಈ ಎರಡೂ ವಿಮಾನ ಒಂದೇ ಕಾಲದವು, ಎರಡಕ್ಕೂ ಮರ್ಲಿನ್ ಎಂಜಿನ್. ಮೈ ಮಾತ್ರ ಪೂರ್ತಿ ಬೇರೆ. ಅಕ್ಕಪಕ್ಕ ಇಟ್ಟಾಗ ಆ ವ್ಯತ್ಯಾಸವೇ ಕಾಣದಿದ್ದರೆ ಎರಡು ಮಾಡುವುದು ಯಾಕೆ?

ಗಾಳಿಕುಂಚ

ಸರಿ, ಆ ಕೊನೆಯ ಮಾತು ಒಪ್ಪಿದೆ. ಪ್ರೀಶೇಡಿಂಗ್ ಮಾತ್ರ ಬಿಡಲಾರೆ. ಬಟ್ಟೆ ಮೇಲೆ ಗೆರೆ ಎಳೆಯುವ ಬದಲು ಮೋಡದ ಹಾಗೆ ಅಲ್ಲಲ್ಲಿ ತಿಳಿ, ಅಲ್ಲಲ್ಲಿ ಗಾಢ ಹೊಡೆದರೆ?

ಹಳೇಬ್ರಷ್

ಅದು ಚೆನ್ನ. ಬಿಸಿಲು ಮಳೆಗೆ ಮಾಸಿದ ಬಟ್ಟೆ ಹಾಗೇ ಕಾಣುತ್ತದೆ.

ಮರಳುಕಾಗದ

ನಡುವೆ ಬಾಯಿ ಹಾಕುತ್ತೇನೆ. ರೆಕ್ಕೆಪುಕ್ಕ, ಬಟ್ಟೆ ಮೈಯ ಸವೆತ ಹೇಗೆ ತೋರಿಸುವುದು ಅಂತ ಇಬ್ಬರೂ ಹೇಳಲಿಲ್ಲ. ನಾನು ಹೇಳುತ್ತೇನೆ.

ಬಟ್ಟೆ ಗೀರುವುದಿಲ್ಲ. ಹರಿಯುತ್ತದೆ, ಕೊಳೆಯಾಗುತ್ತದೆ, ಮಾಸುತ್ತದೆ. ಹರಿದ ಕಡೆ ತೇಪೆ ಅಂಟಿಸಿ, ಡೋಪ್ ಬಳಿದು, ಮೇಲೆ ಹೊಸ ಬಣ್ಣ ಹಚ್ಚುತ್ತಿದ್ದರು. ಆ ಹೊಸ ಬಣ್ಣ ಸುತ್ತಲಿನ ಮಾಸಿದ ಬಣ್ಣಕ್ಕಿಂತ ಗಾಢವಾಗಿರುತ್ತದೆ. ಹಾಗಾಗಿ ಒಂದೆರಡು ಚಿಕ್ಕ ಚೌಕ ತೇಪೆ ಮಾಡಿ. ಮಾಸ್ಕಿಂಗ್ ಟೇಪ್‌ನಲ್ಲಿ 3 ಮಿಲಿಮೀಟರ್‌ನ ಚೌಕ ಕಿಟಕಿ ಕತ್ತರಿಸಿ, ಅದರೊಳಗೆ ಮೂಲ ಬಣ್ಣವನ್ನೇ ಒಂಚೂರು ಗಾಢ ಮಾಡಿ ಹೊಡೆಯಿರಿ. ಅಳತೆಗೆ ಅದು 20 ಸೆಂಟಿಮೀಟರ್ ಚಿಲ್ಲರೆ ಆಗುತ್ತದೆ. ಬೆಳ್ಳಿ ಚುಕ್ಕಿ ನೂರು ಹಾಕಿದರೂ ಈ ಒಂದು ತೇಪೆಯಷ್ಟು ಕಥೆ ಹೇಳುವುದಿಲ್ಲ.

ಬ್ರಿಟಿಷ್ ವಿಮಾನಗಳ ಬಟ್ಟೆಗೆ ಬಳಿಯುತ್ತಿದ್ದ ಡೋಪ್ ಇಟ್ಟಿಗೆಗೆಂಪು. 1940ರ ಹರಿಕೇನ್‌ಗಳ ಫೋಟೊದಲ್ಲಿ ರೆಕ್ಕೆಯ ಮುಂದಿನ ಅಂಚಿನಲ್ಲಿ ಬಂದೂಕಿನ ತೂತುಗಳ ಮೇಲೆ ತೇಪೆ ಇರುತ್ತದಲ್ಲ, ಅದೂ ಇದೇ ಕೆಂಪು ಡೋಪ್ ಬಳಿದ ಬಟ್ಟೆ. ಆ ವಿಮಾನಕ್ಕೆ ಎಂಟು .303 ಬ್ರೌನಿಂಗ್ ಮೆಷಿನ್ ಗನ್ನು. ಧೂಳು, ತೇವ ಒಳಗೆ ಹೋಗದಿರಲಿ ಅಂತ ತೇಪೆ. ಮೊದಲ ಗುಂಡಿಗೇ ಅದು ಹರಿದುಹೋಗುತ್ತಿತ್ತು. ನಿಮ್ಮ 2ಸಿಗೆ 20 ಮಿಲಿಮೀಟರ್‌ನ ನಾಲ್ಕು ಹಿಸ್ಪಾನೊ ತೋಪು, ನಳಿಗೆಗಳು ಹೊರಗೇ ಚಾಚಿರುತ್ತವೆ. ಆ ಕೆಂಪು ತೇಪೆಗಳು ನಿಮಗೆ ಬೇಕಿಲ್ಲ. ಭಾರ ಇಳಿಸಲು ಎರಡು ತೋಪು ತೆಗೆದುಹಾಕಿದ 2ಸಿಗಳೂ ಪೂರ್ವ ರಂಗದಲ್ಲಿ ಇದ್ದವು. ನೀವು ಆರಿಸಿಕೊಂಡ ಫೋಟೊದಲ್ಲಿ ಎಷ್ಟಿವೆ ಅಂತ ನೋಡಿಕೊಂಡು ಅಂಟಿಸಿ.

ಬೆಳ್ಳಿ ಎಲ್ಲಿ ಹಾಕಬಹುದು ಅಂದರೆ: ಪೈಲಟ್ ಹತ್ತುವುದು ಎಡಗಡೆಯಿಂದ. ಅಲ್ಲಿ ಕಾಲಿಡಲು ಒಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ. ಹಾಗಾಗಿ ಎಡ ರೆಕ್ಕೆಯ ಬುಡದಲ್ಲಿ ಸವೆತ ಜಾಸ್ತಿ, ಬಲಗಡೆ ಕಡಿಮೆ. ಎಂಜಿನ್ ಮುಚ್ಚಳದ ಅಂಚುಗಳು ದಿನಾ ಬಿಚ್ಚಿ ಹಾಕುವಂಥವು, ಅಲ್ಲಿ ತಿರುಪುಗಳ ಸುತ್ತ ಒಂದಿಷ್ಟು. ತೋಪಿಗೆ ಮದ್ದುಗುಂಡು ತುಂಬುವ ಮುಚ್ಚಳಗಳ ಸುತ್ತ ಒಂದಿಷ್ಟು. ಎರಡೂ ಬದಿಗೆ ಒಂದೇ ಥರ ಹಾಕಿದರೆ ಅಲಂಕಾರ ಅನ್ನಿಸುತ್ತದೆ. ಸ್ಪಂಜಿನ ಚೂರನ್ನು ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಒತ್ತಿ ಒತ್ತಿ ಹೆಚ್ಚಿನದನ್ನು ಕಳೆದು, ಆಮೇಲೆ ಮಾದರಿಗೆ ತಾಗಿಸಿ. ಕುಂಚಕ್ಕಿಂತ ಸಹಜವಾಗಿ ಬರುತ್ತದೆ.

ರೆಕ್ಕೆಪುಕ್ಕ

ಮರಳುಕಾಗದ ಅವರೇ, ತೇಪೆಯ ಉಪಾಯ ತುಂಬ ಹಿಡಿಸಿತು. ಏಣುಗಳನ್ನು ಉಜ್ಜಲು ಶುರು ಮಾಡಿದ್ದೇನೆ, ಓರೆ ಬೆಳಕಿನ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತಿದೆ.

ಈಗ ಬಣ್ಣ. ಕಿಟ್‌ನ ಹಾಳೆಯಲ್ಲಿ ಮೇಲೆ ಡಾರ್ಕ್ ಗ್ರೀನ್ ಮತ್ತು ಓಶನ್ ಗ್ರೇ ತೋರಿಸಿದ್ದಾರೆ. ಆದರೆ ಅದು ಇಂಗ್ಲೆಂಡಿನ ವಿಮಾನದ್ದು. ಇಂಫಾಲ್‌ನ ವಿಮಾನಕ್ಕೂ ಅದೇನಾ?

ಕಪ್ಪುಬಿಳುಪು

ಅಲ್ಲ. ಇದು ನನ್ನ ಇಷ್ಟದ ವಿಷಯ, ಉದ್ದ ಆದರೆ ಬೈಯಬೇಡಿ.

ಯುದ್ಧ ಶುರುವಾದಾಗ ಬ್ರಿಟಿಷ್ ಫೈಟರ್‌ಗಳ ಮೇಲ್ಮೈಗೆ ಡಾರ್ಕ್ ಅರ್ತ್ ಮತ್ತು ಡಾರ್ಕ್ ಗ್ರೀನ್. ಅಂದರೆ ಮಣ್ಣುಗಂದು ಮತ್ತು ಕಡುಹಸಿರು. ಕೆಳಗೆ ಒಂದು ರೆಕ್ಕೆ ಕಪ್ಪು, ಒಂದು ಬಿಳಿ. ಎಡ ರೆಕ್ಕೆ ಕಪ್ಪು. ನೆಲದಲ್ಲಿರುವ ತಮ್ಮವರೇ ಹೊಡೆಯದಿರಲಿ ಅಂತ ಹಾಗೆ ಮಾಡಿದ್ದರು. 1940ರ ಜೂನ್‌ನಲ್ಲಿ ಕೆಳಭಾಗಕ್ಕೆ ಸ್ಕೈ ಅನ್ನುವ ತಿಳಿಹಸಿರು ಛಾಯೆ ಬಂತು. 1941ರ ಆಗಸ್ಟ್‌ನಲ್ಲಿ ಮಣ್ಣುಗಂದು ಹೋಗಿ ಓಶನ್ ಗ್ರೇ ಬಂತು, ಕೆಳಗೆ ಮೀಡಿಯಮ್ ಸೀ ಗ್ರೇ. ಯುರೋಪಿನ ಆಕಾಶದಲ್ಲಿ ಕಾಳಗ ಇನ್ನೂ ಎತ್ತರಕ್ಕೆ ಹೋಗಿತ್ತು. ಕಡಲ ಮೇಲೂ ನಡೆಯುತ್ತಿತ್ತು. ಬೂದು ಬಣ್ಣ ಅದಕ್ಕೆ.

ಬರ್ಮಾ ರಂಗದಲ್ಲಿ ಹರಿಕೇನ್ ಹಾರುತ್ತಿದ್ದುದು ಕಾಡಿನ ಮೇಲೆ, ತೀರ ಕೆಳಗೆ. ಅಲ್ಲಿ ಹಳೆಯ ಮಣ್ಣುಗಂದು-ಹಸಿರೇ ಮುಂದುವರಿಯಿತು. ಕೆಳಗೆ ಮೀಡಿಯಮ್ ಸೀ ಗ್ರೇ ಹಾಕಿದರೆ ನಿಮ್ಮ ಕಾಲಕ್ಕೆ ಹೊಂದುತ್ತದೆ.

ರೆಕ್ಕೆ, ಒಡಲಿನ ಮೇಲೆ ಬಳಿಯುವ ದುಂಡನೆ ಗುರುತಿನ ಚಕ್ರದ್ದು ಇನ್ನೂ ಮುಖ್ಯ. ಬ್ರಿಟಿಷ್ ಚಕ್ರದ ನಡುವೆ ಕೆಂಪು ಇರುತ್ತದೆ. ಜಪಾನಿ ವಿಮಾನದ ಗುರುತೂ ಕೆಂಪು ಗುಂಡು. ಗಡಿಬಿಡಿಯಲ್ಲಿ ಕಣ್ಣಿಗೆ ಕಾಣುವುದು ಆ ಕೆಂಪು ಮಾತ್ರ, ಅಲ್ವಾ? ಅದಕ್ಕೇ ಈ ರಂಗದಲ್ಲಿ ಕೆಂಪನ್ನು ತೆಗೆದರು. ಮೊದಲು ನೀಲಿ-ಬಿಳಿ, ಆಮೇಲೆ ಕಡುನೀಲಿಯ ನಡುವೆ ತಿಳಿನೀಲಿ. ಬಾಲದ ಪಟ್ಟಿಗೂ ಅದೇ ನಿಯಮ. ಚಕ್ರ ಚಿಕ್ಕದೂ ಆಯಿತು. 16 ಇಂಚಿನ ಚಕ್ರ 1:72ರಲ್ಲಿ 5.6 ಮಿಲಿಮೀಟರ್. ಕಿಟ್‌ನ ದೊಡ್ಡ ಚಕ್ರಗಳನ್ನು ಅಂಟಿಸಿದರೆ ವಿಮಾನ ನೇರ ಇಂಗ್ಲೆಂಡಿಗೆ ಹೋಗಿಬಿಡುತ್ತದೆ.

ರೆಕ್ಕೆ, ಬಾಲಕ್ಕೆ ಅಡ್ಡ ಬಿಳಿ ಪಟ್ಟಿ ಇರುವ ಚಿತ್ರಗಳು ನಿಮಗೆ ಸಿಗುತ್ತವೆ. ಅದು 1945ರ ಆರಂಭದಲ್ಲಿ ಬಂದದ್ದು. 1944ಕ್ಕೆ ಹಾಕಬೇಡಿ. ಹಾಗೆಯೇ ‘ರಾಯಲ್’ ಅನ್ನುವ ಪದ ಭಾರತೀಯ ವಾಯುಪಡೆಗೆ ಸೇರಿದ್ದು 1945ರ ಮಾರ್ಚ್‌ನಲ್ಲಿ. ಪೀಠದ ಮೇಲೆ ಹೆಸರು ಬರೆಯುವುದಾದರೆ ಬರೀ ಭಾರತೀಯ ವಾಯುಪಡೆ ಅಂತ ಬರೆಯಿರಿ.

ಇನ್ನು ಮೂತಿಯ ಕೆಳಗೆ ವೋಕ್ಸ್ ಧೂಳು ಸೋಸುಕದ ದೊಡ್ಡ ಗಲ್ಲ. ಬಿಸಿ ನಾಡಿನ ಹರಿಕೇನ್‌ಗಳ ಗುರುತೇ ಅದು. ಕಿಟ್‌ನಲ್ಲಿ ಎರಡು ಬಗೆಯ ಮೂತಿ ಕೊಟ್ಟಿದ್ದರೆ ಅದನ್ನು ಆರಿಸಿಕೊಳ್ಳಿ.

ಗಾಳಿಕುಂಚ

ಕಪ್ಪುಬಿಳುಪು ಅವರೇ, ನನ್ನ ಹತ್ತಿರ ಒಂದು ಬರ್ಮಾ ಹರಿಕೇನ್ ಫೋಟೊ ಇದೆ. ಅದರಲ್ಲಿ ಚಕ್ರದ ನಡುಭಾಗ ಅಚ್ಚ ಬಿಳಿ ಕಾಣುತ್ತದೆ. ತಿಳಿನೀಲಿ ಅಂತ ಹೇಗೆ ನಂಬುವುದು?

ಕಪ್ಪುಬಿಳುಪು

ಕಪ್ಪು-ಬಿಳುಪು ಫೋಟೊದಿಂದ ಬಣ್ಣ ಹೇಳುವುದು ಕಷ್ಟ. ಆ ಕಾಲದಲ್ಲಿ ಎರಡು ಬಗೆಯ ಫಿಲ್ಮ್ ಓಡುತ್ತಿದ್ದವು. ಆರ್ತೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುವುದಿಲ್ಲ. ಕೆಂಪು, ಹಳದಿ ಕಪ್ಪಗೆ ಬರುತ್ತವೆ, ನೀಲಿ ಬೆಳ್ಳಗೆ ಬರುತ್ತದೆ. ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್‌ಗೆ ಎಲ್ಲ ಬಣ್ಣವೂ ಕಾಣುತ್ತದೆ. ತಿಳಿನೀಲಿಯು ಆರ್ತೋ ಫಿಲ್ಮ್‌ನಲ್ಲಿ ಬಿಳಿಯೇ ಆಗಿಬಿಡುತ್ತದೆ. ಪಕ್ಕದಲ್ಲಿ ಗೊತ್ತಿರುವ ಬಣ್ಣ ಏನಾದರೂ ಇದೆಯಾ ನೋಡಿ. ಪ್ರೊಪೆಲ್ಲರ್ ತುದಿಯ ಹಳದಿ ತಿಳಿಯಾಗಿ ಕಂಡರೆ ಪ್ಯಾಂಕ್ರೊ, ಕಪ್ಪಗೆ ಕಂಡರೆ ಆರ್ತೋ. ಆಮೇಲೆ ನಡುಭಾಗ ತೀರ್ಮಾನ ಮಾಡಿ.

ಮ್ಯೂಸಿಯಂ ವಿಮಾನದ ಬಣ್ಣವನ್ನೂ ಸಾಕ್ಷಿ ಅಂತ ತೆಗೆದುಕೊಳ್ಳಬೇಡಿ, ಅದು ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಬಳಿದದ್ದು. ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿ ಒಂದು ಹರಿಕೇನ್ ಇದೆ. ಆಕಾರ, ಏಣು, ಗಾಲಿಗಳ ಗೂಡು ನೋಡಲು ಅದು ಬಂಗಾರ. ಬಣ್ಣಕ್ಕೆ ಮಾತ್ರ ಹಳೆಯ ಫೋಟೊ ಮತ್ತು ಆ ಕಾಲದ ಆದೇಶಗಳೇ ಗತಿ.

ಹೊಸಬ

ನಮಸ್ಕಾರ ಹಿರಿಯರೇ. ಸುಮ್ನೆ ಓದುತ್ತಿದ್ದೆ, ಕೇಳದೆ ಇರಲಾಗಲಿಲ್ಲ. ನನಗೆ ಏರ್‌ಬ್ರಷ್ ಇಲ್ಲ. ಕೈಯಲ್ಲೇ ಕುಂಚದಿಂದ ಮಾಡಿದರೆ ಗೆರೆ ಗೆರೆ ಬರುತ್ತದೆ. ಇಂಥ ಕ್ಯಾಮೊಫ್ಲಾಜ್ ಕುಂಚದಿಂದ ಆಗುತ್ತದಾ?

ಹಳೇಬ್ರಷ್

ಆಗುತ್ತದೆ. ನನ್ನ ಹೆಸರು ನೋಡಿ.

ಬಣ್ಣ ತೆಳ್ಳಗಿರಬೇಕು. ಮೊದಲ ಪದರ ಒಣಗಿದಾಗ ಅಸಹ್ಯವಾಗಿ, ಅಲ್ಲಲ್ಲಿ ಪ್ಲಾಸ್ಟಿಕ್ ಕಾಣುವ ಹಾಗೆ ಇರುತ್ತದೆ. ಇರಲಿ. ಅದನ್ನು ಅಲ್ಲೇ ತಿದ್ದಲು ಹೋದರೆ ಅರೆ ಒಣಗಿದ ಬಣ್ಣ ಕಿತ್ತು ಬಂದು ಗೆರೆಯಾಗುತ್ತದೆ. ಪೂರ್ತಿ ಒಣಗಲು ಬಿಟ್ಟು, ಎರಡನೆಯ ಪದರವನ್ನು ಮೊದಲನೆಯದಕ್ಕೆ ಅಡ್ಡಲಾಗಿ ಎಳೆಯಿರಿ. ಮೂರು, ನಾಲ್ಕು ಪದರ ಬೇಕಾಗುತ್ತದೆ. ಚಪ್ಪಟೆ, ಮೆತ್ತನೆಯ, ಅಗಲ ಕುಂಚ. ಚೂಪು ಕುಂಚ ಅಂಚಿಗೆ ಮಾತ್ರ.

ದಪ್ಪ ಬಣ್ಣ ಯಾಕೆ ಬೇಡ ಅಂದರೆ, ಮಾದರಿಯ ಮೇಲೆ ಬಣ್ಣದ ಪದರ 0.1 ಮಿಲಿಮೀಟರ್ ಆದರೂ ನಿಜ ವಿಮಾನದಲ್ಲಿ 7 ಮಿಲಿಮೀಟರ್ ದಪ್ಪದ ಬಣ್ಣ ಬಳಿದಂತೆ. ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಎರಡು ಬಣ್ಣದ ನಡುವಿನ ಅಂಚಿನ ಬಗ್ಗೆ ಕೆಲವರು ಕೊರಗುತ್ತಾರೆ, ಏರ್‌ಬ್ರಷ್ ಇಲ್ಲದೆ ಮೃದು ಅಂಚು ಬರುವುದಿಲ್ಲ ಅಂತ. ನಿಜ ವಿಮಾನದಲ್ಲಿ ಬಣ್ಣ ಬೆರೆತ ಅಂಚು ಒಂದು ಇಂಚು ಇತ್ತು ಅಂತಲೇ ಇಟ್ಟುಕೊಳ್ಳಿ. 1:72ರಲ್ಲಿ ಅದು 0.35 ಮಿಲಿಮೀಟರ್. ಕುಂಚದ ಗಟ್ಟಿ ಅಂಚಿಗೂ ಅದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಅಷ್ಟಕ್ಕಷ್ಟೆ. ದೊಡ್ಡ ಅಳತೆಯಲ್ಲಿ, 1:32ರಲ್ಲಿ, ಈ ಮಾತು ನಡೆಯುವುದಿಲ್ಲ.

ಗಾಳಿಕುಂಚ

ಏರ್‌ಬ್ರಷ್ ಇರುವ ರೆಕ್ಕೆಪುಕ್ಕ ಅವರಿಗೆ: ಗಾಳಿಯ ಒತ್ತಡ 15ರಿಂದ 20 ಪಿಎಸ್‌ಐ ಸಾಕು. ಅಂಚಿಗೆ ಅಂಟುಜೇಡಿಯನ್ನು ಹುಳದ ಹಾಗೆ ಉರುಟಾಗಿ ಹೊಸೆದು, ಗೆರೆಯುದ್ದಕ್ಕೂ ಇಟ್ಟು, ಏರ್‌ಬ್ರಷ್ ನೇರ ಮೇಲಿನಿಂದ ಹಿಡಿದು ಹೊಡೆಯಿರಿ. ಓರೆ ಹಿಡಿದರೆ ಬಣ್ಣ ಹುಳದ ಕೆಳಗೆ ನುಗ್ಗಿ ಅಂಚು ಅಗಲವಾಗುತ್ತದೆ. ತಿಳಿ ಬಣ್ಣ ಮೊದಲು. ಇಲ್ಲಿ ಮಣ್ಣುಗಂದು ಮೊದಲು, ಹಸಿರು ಆಮೇಲೆ.

ಎರಡೂ ಬಣ್ಣಕ್ಕೆ ಸ್ವಲ್ಪ ಬಿಳಿ ಅಥವಾ ತಿಳಿಬೂದು ಬೆರೆಸಿ. ಚಿಕ್ಕ ವಸ್ತುವಿನ ಮೇಲೆ ಅದೇ ಬಣ್ಣ ಗಾಢವಾಗಿ ಕಾಣುತ್ತದೆ.

ಲ್ಯಾಕರ್ (ಥಿನ್ನರ್‌ನಲ್ಲಿ ಕಲಸಿದ ಘಾಟು ಬಣ್ಣ) ಹೊಡೆಯುವುದಾದರೆ ಕಿಟಕಿ ತೆರೆದಿಡಿ. ಮುಖಕ್ಕೆ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಧೂಳಿನ ಮಾಸ್ಕ್ ಹಾಕಿಕೊಂಡು ಲ್ಯಾಕರ್ ಹೊಡೆಯುವವರನ್ನು ನೋಡಿದರೆ ಸಿಟ್ಟು ಬರುತ್ತದೆ. ಥಿನ್ನರ್ ಆವಿಯನ್ನು ಅದು ತಡೆಯುವುದೇ ಇಲ್ಲ.

ರೆಕ್ಕೆಪುಕ್ಕ

ಎಲ್ಲರಿಗೂ ಧನ್ಯವಾದ. ಏಣು ಉಜ್ಜಿದ್ದು ಮುಗಿಯಿತು. ಹೋಳು ಅಂಟಿಸುವ ಮುಂಚೆ ಕಾಕ್‌ಪಿಟ್ ಒಮ್ಮೆ ನೋಡಿ ಹೇಳಿ. ಪಕ್ಕದ ಕೊಳವೆಗಳಿಗೆ ಬೆಳ್ಳಿ, ಸೀಟಿನ ಹಿಂದಿನ ಹಲಗೆಗೆ ಬೂದುಹಸಿರು. ಕಿಟ್‌ನಲ್ಲಿ ನೆಲದ ತುಂಡು ಇಲ್ಲ, ಪಾದ ಇಡಲು ಎರಡು ಪಟ್ಟಿ ಮಾತ್ರ ಕೊಟ್ಟಿದ್ದಾರೆ. ತುಂಡು ಕಳೆದುಹೋಗಿದೆಯಾ ಅಂತ ಡಬ್ಬಿಯೆಲ್ಲ ಹುಡುಕಿದೆ.

ಮರಳುಕಾಗದ

ಹುಡುಕಬೇಡಿ. ಹರಿಕೇನ್‌ನ ಕಾಕ್‌ಪಿಟ್‌ಗೆ ನೆಲವೇ ಇಲ್ಲ. ಪಾದಕ್ಕೆ ಎರಡು ಪಟ್ಟಿ ಅಷ್ಟೆ. ಕೆಳಗೆ ನೋಡಿದರೆ ಕೊಳವೆ, ತಂತಿ, ರೆಕ್ಕೆಯ ನಡುಭಾಗ. ಪೈಲಟ್ ಕೈಯಿಂದ ಪೆನ್ಸಿಲ್ ಬಿದ್ದರೆ ಹೋಯಿತು ಅಂತಲೇ ಲೆಕ್ಕ. ನಿಮ್ಮ ಕಿಟ್ ಮಾಡಿದವರು ಶ್ರದ್ಧೆಯಿಂದ ಮಾಡಿದ್ದಾರೆ. ಕೆಳಗಿನ ಆ ಗುಂಡಿಯನ್ನು ಗಾಢವಾಗಿಯೇ ಬಿಡಿ.

ಅಂಟಿಸುವಾಗ ತೆಳು ಅಂಟು ಬಳಸಿ. ಹೋಳುಗಳನ್ನು ಮೊದಲು ಜೋಡಿಸಿ, ಟೇಪ್ ಸುತ್ತಿ, ಆಮೇಲೆ ಸಂದಿಗೆ ಕುಂಚದ ತುದಿ ತಾಗಿಸಿ. ಅಂಟು ತಾನೇ ಸಂದಿಯೊಳಗೆ ಹರಿಯುತ್ತದೆ. ಟೇಪಿನ ಅಂಚಿಗೆ ಮಾತ್ರ ತಾಗಿಸಬೇಡಿ, ಟೇಪಿನ ಕೆಳಗೂ ಹರಿದು ಮೈಯನ್ನು ಕರಗಿಸುತ್ತದೆ. ಈ ಅಂಟು ಅಂಟಲ್ಲ, ದ್ರಾವಕ. ಎರಡು ಪ್ಲಾಸ್ಟಿಕ್ ತುದಿಯನ್ನು ಕರಗಿಸಿ ಒಂದು ಮಾಡುತ್ತದೆ. ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಸಂದಿಯಿಂದ ಕೂದಲೆಳೆಯಷ್ಟು ಉಬ್ಬಿ ಬರುತ್ತದೆ. ಅದು ಗಟ್ಟಿಯಾದ ಮೇಲೆ ಉಜ್ಜಿದರೆ ಪುಟ್ಟಿಯೇ ಬೇಕಿಲ್ಲ. ಹಿಂಭಾಗದ ಬೆನ್ನಿನ ಮೇಲೆ ಪುಟ್ಟಿ ತಪ್ಪಿಸಿದಷ್ಟು ಒಳ್ಳೆಯದು, ಏಣುಗಳ ನಡುವೆ ಅದನ್ನು ಉಜ್ಜಿ ತೆಗೆಯುವುದು ತಲೆನೋವು.

ಕ್ಯಾನೊಪಿಗೆ, ಅಂದರೆ ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳಕ್ಕೆ, ಸೂಪರ್ ಗ್ಲೂ ಮುಟ್ಟಿಸಬೇಡಿ. ಅದರ ಆವಿಗೆ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜು ಕೂರುತ್ತದೆ. ಬಿಳಿ ಪಿವಿಎ ಅಂಟು ಸಾಕು.

ಹೊಸಬ

ಡೆಕಾಲ್ (ಗುರುತುಗಳು ಅಚ್ಚಾದ ತೆಳು ಸ್ಟಿಕ್ಕರ್) ಅಂಟಿಸಿದ ಮೇಲೆ ಸುತ್ತ ಬೆಳ್ಳಗೆ ಹೊಳೆಯುತ್ತದಲ್ಲ, ಅದು ಯಾಕೆ?

ಗಾಳಿಕುಂಚ

ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಅಂಟಿಸಿದ್ದೀರಿ. ಮ್ಯಾಟ್ ಅಂದರೆ ಮೈ ಒರಟು. ಒರಟಿನ ಗುಂಡಿಗಳಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಕಾಣುತ್ತದೆ. ಮೊದಲು ಹೊಳಪು ವಾರ್ನಿಷ್ ಹೊಡೆದು ಮೈಯನ್ನು ನುಣುಪು ಮಾಡಿ, ಆಮೇಲೆ ಡೆಕಾಲ್, ಕೊನೆಗೆ ಮ್ಯಾಟ್ ವಾರ್ನಿಷ್. ಮೈಕ್ರೋ ಸೋಲ್ ಥರದ ಮೆದುಗೊಳಿಸುವ ದ್ರವ ಹಚ್ಚಿದರೆ ಡೆಕಾಲ್ ಸುಕ್ಕುಗಟ್ಟಿ ಹೆದರಿಸುತ್ತದೆ. ಆಗ ಮುಟ್ಟಲೇಬೇಡಿ. ಒಣಗುತ್ತಾ ತಾನೇ ಮೈಗೆ ಅಂಟಿಕೊಳ್ಳುತ್ತದೆ. ಈಗಾಗಲೇ ಬೆಳ್ಳಗಾಗಿರುವ ಕಡೆ ಸೂಜಿಯಿಂದ ಚುಚ್ಚಿ ಅದೇ ದ್ರವ ಹಚ್ಚಿ ನೋಡಿ.

ಏಣುಗಳ ಮೇಲೆ ಬರುವ ಚಕ್ರಕ್ಕೆ ಈ ದ್ರವ ಬೇಕೇ ಬೇಕು. ಇಲ್ಲದಿದ್ದರೆ ಏಣಿನಿಂದ ಏಣಿಗೆ ಸೇತುವೆ ಕಟ್ಟಿ ಕೂರುತ್ತದೆ.

ಕಪ್ಪುಬಿಳುಪು

ವಿಷಯ ಬದಲಿಸುತ್ತಿದ್ದೇನೆ, ಕ್ಷಮಿಸಿ. ಈ 72 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ಹೊಸಬರಿಗೆ ಕುತೂಹಲ ಇರಬಹುದು. ಒಂದು ಇಂಚಿಗೆ ಆರು ಅಡಿ, ಅಷ್ಟೆ. ಬ್ರಿಟನ್ನಿನ ಫ್ರಾಗ್ ಪೆಂಗ್ವಿನ್ ಪ್ಲಾಸ್ಟಿಕ್ ಕಿಟ್‌ಗಳು 1936ರಲ್ಲೇ ಈ ಅಳತೆಯಲ್ಲಿ ಬಂದವು. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ, 1942ರಲ್ಲಿ, ಅಲ್ಲಿನ ಶಾಲೆಯ ಹುಡುಗರು 1:72ರ ಮರದ ವಿಮಾನಗಳನ್ನು ಕೆತ್ತಿ ನೌಕಾಪಡೆಗೆ ಕೊಟ್ಟರು. ಆಕಾಶದಲ್ಲಿ ಕಾಣುವ ವಿಮಾನ ಯಾರದು ಅಂತ ಗುರುತಿಸುವ ತರಬೇತಿಗೆ. ಅವಕ್ಕೆ ಬರೀ ಕಪ್ಪು ಬಣ್ಣ. ನೆರಳಿನ ಆಕಾರ ಸಿಕ್ಕರೆ ಸಾಕಿತ್ತು. ನಾವಿಲ್ಲಿ ತೇಪೆಯ ಬಣ್ಣಕ್ಕೆ ಜಗಳ ಆಡುತ್ತಿದ್ದೇವೆ.

ಹಳೇಬ್ರಷ್

ಜಗಳ ಆಡದಿದ್ದರೆ ಈ ಹವ್ಯಾಸದಲ್ಲಿ ಉಳಿಯುವುದೇನು ಮಾರಾಯ್ರೆ!

ರೆಕ್ಕೆಪುಕ್ಕ, ಕೊನೆಗೆ ಹೊಗೆ ಕಲೆಯ ಬಗ್ಗೆ ಒಂದು ಮಾತು. ಎಲ್ಲರೂ ಎಂಜಿನ್ ಕೊಳವೆಯಿಂದ ಹಿಂದಕ್ಕೆ ಕಡುಗಪ್ಪು ಪಟ್ಟಿ ಎಳೆಯುತ್ತಾರೆ. ಇಂಧನ ಜಾಸ್ತಿ, ಗಾಳಿ ಕಡಿಮೆ ಇದ್ದಾಗ ಮಸಿ ಬರುವುದು ನಿಜ. ಆದರೆ ಆ ಕಾಲದ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ದೂರದ ಹಾರಾಟದಲ್ಲಿ ಇಂಧನ ಉಳಿಸಲು ಮಿಶ್ರಣವನ್ನು ತೆಳು ಮಾಡಿದಾಗ ತಿಳಿಬೂದು ಕಲೆ ಕೂರುತ್ತದೆ. ನಿಮ್ಮ ದಳದ ಕೆಲಸ ಹೆಚ್ಚಾಗಿ ಶತ್ರು ಎಲ್ಲಿದ್ದಾನೆ ಅಂತ ಪತ್ತೆ ಮಾಡಿ ಬರುವುದು. ಗಂದು ಕಲೆ ಹೊಡೆದು, ಅದರ ನಡುವೆ ಬೂದು ತೆಳ್ಳಗೆ ಹೊಡೆಯಿರಿ. ಆ ಕಲೆ ಲೋಹದ ಮೇಲಿಂದ ಹಾದು ಬಟ್ಟೆಯ ಮೇಲೂ ಹೋಗುತ್ತದೆ. ಬಟ್ಟೆಯ ಮೇಲೆ ಧಾರಾಳವಾಗಿ ಬಿಡಬಹುದಾದ ಕೊಳೆ ಇದೊಂದೇ.

ರೆಕ್ಕೆಪುಕ್ಕ

ಬರೆದುಕೊಂಡೆ. ಒಡಲು ಟೇಪ್ ಸುತ್ತಿಕೊಂಡು ಮೇಜಿನ ಮೇಲಿದೆ. ಅದು ಗಟ್ಟಿಯಾಗುವಷ್ಟರಲ್ಲಿ ಪ್ರೊಪೆಲ್ಲರ್ ಮಾಡೋಣ ಅಂದುಕೊಂಡೆ. ಮೂರು ಅಲಗೂ ಬಿಡಿ ಬಿಡಿ. ಯಾವ ಮಗ್ಗುಲು ಮುಂದೆ ಅಂತ ಹಾಳೆಯಲ್ಲಿ ಸ್ಪಷ್ಟ ಇಲ್ಲ.

ಮರಳುಕಾಗದ

ಪೈಲಟ್ ಕೂತು ನೋಡಿದರೆ ಮರ್ಲಿನ್‌ನ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ನೀವು ಮೂತಿಯ ಎದುರು ನಿಂತು ನೋಡಿದರೆ ಅದಕ್ಕೆ ವಿರುದ್ಧ. ಎದುರಿನಿಂದ ನೋಡುವಾಗ ಮೇಲಿರುವ ಅಲಗು ನಿಮ್ಮ ಎಡಕ್ಕೆ ಬೀಳಬೇಕು. ಹಾಗಾಗಿ ಅದರ ದಪ್ಪ, ದುಂಡು ಅಂಚು ಎಡಕ್ಕೆ ಇರಲಿ, ಆ ಅಂಚೇ ನಿಮ್ಮ ಕಡೆ ಮುಂದೆ ಚಾಚಿರಲಿ. ಅಲಗಿನ ಉಬ್ಬು ಮುಖ ನಿಮ್ಮ ಕಡೆ, ಚಪ್ಪಟೆ ಮುಖ ಪೈಲಟ್ ಕಡೆ. ಅಲಗಿಗೆ ಕಪ್ಪು, ತುದಿಗೆ 4 ಇಂಚು ಹಳದಿ. ನಿಮ್ಮ ಅಳತೆಗೆ 1.4 ಮಿಲಿಮೀಟರ್. ಹಳದಿ ಮೊದಲು ಹೊಡೆದು, ತುದಿಗೆ ಟೇಪ್ ಸುತ್ತಿ, ಆಮೇಲೆ ಕಪ್ಪು ಹೊಡೆಯಿರಿ. ಕಪ್ಪಿನ ಮೇಲೆ ಹಳದಿ ಕೂರಿಸಲು ಹೋದರೆ ನಾಲ್ಕು ಪದರ ಹೊಡೆದರೂ ಮುಚ್ಚುವುದಿಲ್ಲ.